ದಿನನಿತ್ಯದ ಊಟದಲ್ಲಿ ಕೋಸಂಬರಿ: ತಯಾರಿಸುವ ವಿಧಾನ ಮತ್ತು ಪೌಷ್ಟಿಕ ಮಹತ್ವ

1. ಪೀಠಿಕೆ

ನೆನೆಸಿದ ಬೇಳೆ ಅಥವಾ ಮೊಳಕೆ ಕಾಳಿಗೆ ಹಸಿ ತರಕಾರಿ, ತೆಂಗಿನತುರಿ, ಕೊತ್ತಂಬರಿ ಸೊಪ್ಪು ಹಾಗೂ ನಿಂಬೆರಸವನ್ನು ಬೆರೆಸಿ ತಯಾರಿಸುವ ಪದಾರ್ಥವೇ ಕೋಸಂಬರಿ. ರಾಮನವಮಿಯಂದು ಪಾನಕ ಮತ್ತು ನೀರುಮಜ್ಜಿಗೆಯೊಂದಿಗೆ ಹೆಸರುಬೇಳೆ ಕೋಸಂಬರಿಯನ್ನು ಹಂಚುವ ವಾಡಿಕೆ ರಾಜ್ಯದ ಹಲವೆಡೆ ಇದೆ. ಮದುವೆ, ಗೃಹಪ್ರವೇಶ ಹಾಗೂ ಹಬ್ಬದ ಊಟಗಳಲ್ಲಿ ಬಾಳೆ ಎಲೆಯ ತುದಿಯಲ್ಲಿ ಒಂದೆರಡು ಚಮಚದಷ್ಟು ಕೋಸಂಬರಿಯನ್ನು ಬಡಿಸಲಾಗುತ್ತದೆ. ಆದರೆ ಹಬ್ಬ ಮುಗಿದ ಬಳಿಕ ಅನೇಕ ಮನೆಗಳ ದಿನನಿತ್ಯದ ಊಟದಲ್ಲಿ ಅದು ಕಾಣಸಿಗುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆಗೆ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸವತಿಕಾಯಿ, ಮೂಲಂಗಿ ಮತ್ತು ಗಜ್ಜರಿಯನ್ನು ಸೇವಿಸುವ ರೂಢಿಯಿದೆ. ಇವುಗಳನ್ನು ಸಣ್ಣಗೆ ಹೆಚ್ಚಿ ಶೇಂಗಾ ಪುಡಿ ಬೆರೆಸಿದರೆ ಪಚಡಿಯಾಗುತ್ತದೆ. ಮಲೆನಾಡು ಹಾಗೂ ಕರಾವಳಿಯಲ್ಲಿ ಒಂದೆಲಗ, ನೆಲ್ಲಿಕಾಯಿ ಮೊದಲಾದವುಗಳಿಂದ ತಂಬುಳಿ ಮಾಡಲಾಗುತ್ತದೆ. ಹೀಗೆ ಹಸಿ ತರಕಾರಿ ಮತ್ತು ಹಸಿ ಸೊಪ್ಪನ್ನು ರುಚಿಕರವಾಗಿ ಉಣ್ಣುವ ಕ್ರಮ ರಾಜ್ಯದ ಎಲ್ಲ ಭಾಗಗಳಲ್ಲಿಯೂ ಹಿಂದಿನಿಂದ ಬಂದಿದೆ. ಇದಕ್ಕೆ ದುಬಾರಿ ತರಕಾರಿಗಳಾಗಲೀ, ಸೀಸೆಯಲ್ಲಿ ದೊರೆಯುವ ಸಿದ್ಧ ಮಿಶ್ರಣಗಳಾಗಲೀ ಅವಶ್ಯವಿಲ್ಲ.

ಕೋಸಂಬರಿಯನ್ನು ಪ್ರತಿದಿನದ ಊಟದ ಭಾಗವನ್ನಾಗಿ ಮಾಡಿಕೊಳ್ಳುವುದರಿಂದ ಆಗುವ ಪ್ರಯೋಜನ, ವಿಶೇಷವಾಗಿ ರಕ್ತಹೀನತೆಯ ನಿಯಂತ್ರಣದಲ್ಲಿ ಅದರ ಪಾತ್ರ, ಅದನ್ನು ಸುರಕ್ಷಿತವಾಗಿ ತಯಾರಿಸುವ ವಿಧಾನ ಹಾಗೂ ಪಾಲಿಸಬೇಕಾದ ಎಚ್ಚರಿಕೆಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

2. ರಕ್ತಹೀನತೆ ಮತ್ತು ಊಟದ ಕ್ರಮ

ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಂಬ ಅಂಶವು ಆಮ್ಲಜನಕವನ್ನು ದೇಹದ ಎಲ್ಲ ಭಾಗಗಳಿಗೆ ಒಯ್ಯುತ್ತದೆ. ಇದರ ಪ್ರಮಾಣವು ಒಂದು ಡೆಸಿಲೀಟರ್ ರಕ್ತದಲ್ಲಿ ಗರ್ಭಿಣಿಯರಿಗೆ 11 ಗ್ರಾಂಗಿಂತ, ಗರ್ಭಿಣಿಯರಲ್ಲದ ವಯಸ್ಕ ಮಹಿಳೆಯರಿಗೆ 12 ಗ್ರಾಂಗಿಂತ ಕಡಿಮೆಯಿದ್ದಲ್ಲಿ ಅದನ್ನು ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. ಬೇಗನೆ ಆಯಾಸವಾಗುವುದು, ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು, ತಲೆಸುತ್ತು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು ಇದರ ಸಾಮಾನ್ಯ ಲಕ್ಷಣಗಳು. ತೀವ್ರ ರಕ್ತಹೀನತೆಯಿರುವ ಗರ್ಭಿಣಿಯರಲ್ಲಿ ಅವಧಿಪೂರ್ವ ಹೆರಿಗೆ ಹಾಗೂ ಕಡಿಮೆ ತೂಕದ ಶಿಶು ಜನನದ ಸಂಭವ ಹೆಚ್ಚು. ಹೆರಿಗೆಯ ವೇಳೆ ರಕ್ತಸ್ರಾವವಾದಲ್ಲಿ ತಾಯಿಯ ಜೀವಕ್ಕೆ ಅಪಾಯ ಒದಗಬಹುದು. ಮಕ್ಕಳಲ್ಲಿ ಕಲಿಕೆ ಮತ್ತು ಬೆಳವಣಿಗೆ ಕುಂಠಿತವಾಗುತ್ತದೆ.

2019-21ರ ಅವಧಿಯಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8 ಮಂದಿಗೆ, 6ರಿಂದ 59 ತಿಂಗಳ ಮಕ್ಕಳ ಪೈಕಿ ಶೇ. 65.5 ಮಕ್ಕಳಿಗೆ ರಕ್ತಹೀನತೆ ಇತ್ತು.

ರಕ್ತಹೀನತೆಗೆ ಹಲವು ಕಾರಣಗಳಿದ್ದು, ಕಬ್ಬಿಣಾಂಶದ ಕೊರತೆ ಅವುಗಳಲ್ಲಿ ಪ್ರಮುಖವಾದುದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ, ವಯಸ್ಕ ಪುರುಷನಿಗೆ 19 ಮಿ.ಗ್ರಾಂ ಕಬ್ಬಿಣಾಂಶ ಅವಶ್ಯಕ. ರಾಗಿ, ಬೇಳೆ, ಕಾಳು ಮತ್ತು ಸೊಪ್ಪುಗಳಲ್ಲಿ ಕಬ್ಬಿಣಾಂಶವಿದೆ. ಆದರೆ ಸಸ್ಯಮೂಲದ ಆಹಾರದಲ್ಲಿರುವ ಕಬ್ಬಿಣಾಂಶದ ಅಲ್ಪಭಾಗವನ್ನು ಮಾತ್ರ ದೇಹವು ಹೀರಿಕೊಳ್ಳುತ್ತದೆ. ಧಾನ್ಯ ಮತ್ತು ಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶ ಹಾಗೂ ಕಾಫಿ, ಚಹಾಗಳಲ್ಲಿರುವ ಒಗರು ಅಂಶಗಳು ಈ ಹೀರಿಕೆಯನ್ನು ಮತ್ತಷ್ಟು ತಗ್ಗಿಸುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ಅದೇ ಊಟದಲ್ಲಿ 'ಸಿ' ಜೀವಸತ್ವವಿದ್ದಲ್ಲಿ ಕಬ್ಬಿಣಾಂಶವು ಹೆಚ್ಚು ಪ್ರಮಾಣದಲ್ಲಿ ರಕ್ತಗತವಾಗುತ್ತದೆ.

'ಸಿ' ಜೀವಸತ್ವವು ಬೇಯಿಸಿದಾಗ ಬಹುಪಾಲು ನಾಶವಾಗುತ್ತದೆ. ಸಾರು, ಪಲ್ಯ, ಹುಳಿ ಎಲ್ಲವೂ ಬೇಯಿಸಿದ ಪದಾರ್ಥಗಳಾದುದರಿಂದ, ಊಟದಲ್ಲಿ ಹಸಿಯಾದ ಒಂದು ಪದಾರ್ಥ ಇರಲೇಬೇಕು. ಕೋಸಂಬರಿ ಈ ಕೊರತೆಯನ್ನು ತುಂಬಬಲ್ಲದು. ಕೋಸಂಬರಿಯಲ್ಲಿರುವ ಕಬ್ಬಿಣಾಂಶ ಅಲ್ಪವೇ ಆದರೂ, ಅದೇ ಊಟದಲ್ಲಿ ಸೇವಿಸುವ ರಾಗಿಮುದ್ದೆ, ಬೇಳೆಸಾರು ಹಾಗೂ ಸೊಪ್ಪಿನ ಪಲ್ಯದಲ್ಲಿರುವ ಕಬ್ಬಿಣಾಂಶವು ದೇಹಕ್ಕೆ ದಕ್ಕುವಂತೆ ಮಾಡುವುದೇ ಅದರ ಮುಖ್ಯ ಪ್ರಯೋಜನ. ಆದುದರಿಂದ ಅದನ್ನು ಸಂಜೆಯ ತಿಂಡಿಯಾಗಿ ಪ್ರತ್ಯೇಕವಾಗಿ ತಿನ್ನುವುದಕ್ಕಿಂತ ಊಟದ ಜೊತೆಯಲ್ಲಿಯೇ ಸೇವಿಸುವುದು ಹೆಚ್ಚು ಉಪಯುಕ್ತ.

3. ದಿನಕ್ಕೆ ಎಷ್ಟು ಪ್ರಮಾಣ ಅವಶ್ಯಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಪರಿಷ್ಕೃತ ಆಹಾರ ಮಾರ್ಗಸೂಚಿಯು ದಿನಕ್ಕೆ 2000 ಕಿಲೋ ಕ್ಯಾಲೊರಿ ಆಹಾರ ಸೇವಿಸುವ ವ್ಯಕ್ತಿಗೆ ಸೊಪ್ಪು ಸೇರಿದಂತೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಹಾಗೂ 85 ಗ್ರಾಂ ಬೇಳೆಕಾಳುಗಳನ್ನು ಸೂಚಿಸಿದೆ. ಈ 400 ಗ್ರಾಂ ತರಕಾರಿಯಲ್ಲಿ ಕಾಲು ಭಾಗವನ್ನು, ಅಂದರೆ ಸುಮಾರು 100 ಗ್ರಾಂನಷ್ಟನ್ನು, ಕೋಸಂಬರಿ ಅಥವಾ ಪಚಡಿಯ ರೂಪದಲ್ಲಿ ಸೇವಿಸಬಹುದಾಗಿದೆ. ಮನೆಯ ಅಳತೆಯಲ್ಲಿ ಇದು ಒಂದು ಸಣ್ಣ ಬಟ್ಟಲಿನಷ್ಟಾಗುತ್ತದೆ. ಎಲೆಯ ತುದಿಯ ಒಂದೆರಡು ಚಮಚ ರುಚಿಗೆ ಸಾಕಾಗಬಹುದು, ಪೋಷಣೆಗೆ ಸಾಲದು.

4. ಪದಾರ್ಥಗಳು ಮತ್ತು ಅವುಗಳ ಗುಣಗಳು

ಹೆಸರುಬೇಳೆ: 100 ಗ್ರಾಂ ಒಣಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಹಾಗೂ ಸುಮಾರು 4 ಮಿ.ಗ್ರಾಂ ಕಬ್ಬಿಣಾಂಶ ಇದೆ. ಇತರ ಬೇಳೆಗಳಿಗಿಂತ ಬೇಗ ನೆನೆಯುತ್ತದೆ ಮತ್ತು ಸುಲಭವಾಗಿ ಜೀರ್ಣವಾಗುತ್ತದೆ. ಆದುದರಿಂದಲೇ ಬೇಯಿಸದೆ ಬಳಸುವ ಕೋಸಂಬರಿಗೆ ಇದು ಹೆಚ್ಚು ರೂಢಿಯಲ್ಲಿದೆ.

ಕಡಲೆಬೇಳೆ: ಪ್ರೋಟೀನ್ ಮತ್ತು ನಾರಿನಂಶ ಉತ್ತಮವಾಗಿದೆ. ಎರಡರಿಂದ ಮೂರು ಗಂಟೆ ನೆನೆಸುವುದು ಅಗತ್ಯ. ಜೀರ್ಣಶಕ್ತಿ ಕಡಿಮೆಯಿರುವವರಿಗೆ ಹೊಟ್ಟೆಯುಬ್ಬರ ಉಂಟಾಗಬಹುದು.

ಮೊಳಕೆ ಕಾಳು: ಹೆಸರುಕಾಳು, ಹುರುಳಿ, ಮಡಕೆಕಾಳು ಮತ್ತು ಕಡಲೆಕಾಳುಗಳನ್ನು ಮೊಳಕೆ ಬರಿಸಬಹುದು. ಒಣಕಾಳಿನಲ್ಲಿ 'ಸಿ' ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆಯೊಡೆಯುವಾಗ ಅದು ಉತ್ಪತ್ತಿಯಾಗುತ್ತದೆ. ಕಬ್ಬಿಣಾಂಶದ ಹೀರಿಕೆಗೆ ಅಡ್ಡಿಪಡಿಸುವ ಫೈಟೇಟ್ ಅಂಶವೂ ತಗ್ಗುತ್ತದೆ. ಸಿಪ್ಪೆ ತೆಗೆದು ಒಡೆದ ಬೇಳೆ ಮೊಳಕೆಯೊಡೆಯುವುದಿಲ್ಲ. ಇಡೀ ಕಾಳನ್ನೇ ಬಳಸಬೇಕು.

ಸೌತೆಕಾಯಿ: ಸುಮಾರು ಶೇ. 95ರಷ್ಟು ನೀರಿನಿಂದ ಕೂಡಿದೆ. ಬೇಸಿಗೆಯಲ್ಲಿ ದೇಹಕ್ಕೆ ನೀರಿನಂಶ ಒದಗಿಸುತ್ತದೆ. ಎಳೆಯ ಕಾಯಿಯನ್ನು ಸಿಪ್ಪೆಸಹಿತ ಬಳಸಿದಲ್ಲಿ ನಾರಿನಂಶ ದೊರೆಯುತ್ತದೆ.

ಗಜ್ಜರಿ ಅಥವಾ ಕ್ಯಾರೆಟ್: ದೇಹದಲ್ಲಿ 'ಎ' ಜೀವಸತ್ವವಾಗಿ ಪರಿವರ್ತನೆಗೊಳ್ಳುವ ಬೀಟಾ ಕೆರೋಟಿನ್ ಹೇರಳವಾಗಿದೆ. ಕಣ್ಣಿನ ಆರೋಗ್ಯಕ್ಕೆ ಮತ್ತು ರೋಗನಿರೋಧಕ ಶಕ್ತಿಗೆ ಇದು ಅಗತ್ಯ. ಈ ಅಂಶವು ಕೊಬ್ಬಿನೊಂದಿಗೆ ಮಾತ್ರ ಚೆನ್ನಾಗಿ ಹೀರಲ್ಪಡುವುದರಿಂದ, ಕೋಸಂಬರಿಗೆ ಸೇರಿಸುವ ಒಗ್ಗರಣೆಯ ಎಣ್ಣೆ ಮತ್ತು ತೆಂಗಿನತುರಿ ಕೇವಲ ರುಚಿಗಾಗಿ ಇರುವಂಥವಲ್ಲ.

ಎಲೆಕೋಸು, ನವಿಲುಕೋಸು, ಮೂಲಂಗಿ, ದೊಣ್ಣೆಮೆಣಸಿನಕಾಯಿ: ಹಸಿಯಾಗಿ ಬಳಸಿದಾಗ 'ಸಿ' ಜೀವಸತ್ವ ಒದಗಿಸುತ್ತವೆ. ಇವುಗಳ ಪೈಕಿ ದೊಣ್ಣೆಮೆಣಸಿನಕಾಯಿಯಲ್ಲಿ ಅದರ ಪ್ರಮಾಣ ಹೆಚ್ಚು. ಮೂಲಂಗಿಯ ಎಳೆಯ ಎಲೆಗಳನ್ನೂ ಎಸೆಯದೆ ಬಳಸಬಹುದು.

ಮೆಂತ್ಯ ಮತ್ತು ಕೊತ್ತಂಬರಿ ಸೊಪ್ಪು: ಕಬ್ಬಿಣಾಂಶ, ಬೀಟಾ ಕೆರೋಟಿನ್ ಮತ್ತು ಫೋಲಿಕ್ ಆಮ್ಲದ ಮೂಲಗಳು. ಫೋಲಿಕ್ ಆಮ್ಲವೂ ರಕ್ತಕಣಗಳ ಉತ್ಪತ್ತಿಗೆ ಬೇಕಾದುದು. ಕೊತ್ತಂಬರಿಯನ್ನು ಅಲಂಕಾರಕ್ಕೆಂದು ನಾಲ್ಕು ಎಲೆ ಉದುರಿಸದೆ ಒಂದು ಹಿಡಿಯಷ್ಟು ಸೇರಿಸುವುದು ಸೂಕ್ತ.

ತೆಂಗಿನತುರಿ ಮತ್ತು ಶೇಂಗಾ: ಶೇಂಗಾದಲ್ಲಿ ಪ್ರೋಟೀನ್ ಹಾಗೂ ಉತ್ತಮ ಕೊಬ್ಬು ಇದೆ. ತೆಂಗಿನಲ್ಲಿರುವ ಕೊಬ್ಬು ಬಹುಪಾಲು ಸಂತೃಪ್ತ ಕೊಬ್ಬಾದುದರಿಂದ ಒಬ್ಬರಿಗೆ ಒಂದು ಚಮಚದಷ್ಟು ಸಾಕು.

ನಿಂಬೆ, ನೆಲ್ಲಿ ಮತ್ತು ಸೀಬೆ: ನಿಂಬೆರಸವು ರುಚಿಯೊಂದಿಗೆ 'ಸಿ' ಜೀವಸತ್ವವನ್ನು ನೀಡುತ್ತದೆ. ಆದರೆ ಮಧ್ಯಮ ಗಾತ್ರದ ಒಂದು ನಿಂಬೆಹಣ್ಣಿನ ರಸದಲ್ಲಿ ಅದರ ಪ್ರಮಾಣ ಸುಮಾರು 10ರಿಂದ 15 ಮಿ.ಗ್ರಾಂ ಮಾತ್ರ. ವಯಸ್ಕ ಮಹಿಳೆಗೆ ದಿನಕ್ಕೆ 65 ಮಿ.ಗ್ರಾಂ, ಪುರುಷನಿಗೆ 80 ಮಿ.ಗ್ರಾಂ ಬೇಕಾಗುತ್ತದೆ. ಆದುದರಿಂದ ನಾಲ್ವರ ಕೋಸಂಬರಿಗೆ ಒಂದು ನಿಂಬೆಹಣ್ಣು ಹಿಂಡಿದರೆ ಸಾಲದು. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿ.ಗ್ರಾಂಗೂ ಹೆಚ್ಚು 'ಸಿ' ಜೀವಸತ್ವವಿದ್ದು, ಬೆಟ್ಟದ ನೆಲ್ಲಿಕಾಯಿಯಲ್ಲಿ ಅದಕ್ಕಿಂತಲೂ ಅಧಿಕವಾಗಿದೆ. ಒಂದು ಬೆಟ್ಟದ ನೆಲ್ಲಿಕಾಯಿಯನ್ನು ತುರಿದು ಸೇರಿಸುವುದು ಅಥವಾ ಊಟದೊಂದಿಗೆ ಅರ್ಧ ಸೀಬೆಹಣ್ಣು ತಿನ್ನುವುದು ಸುಲಭ ಹಾಗೂ ಮಿತವ್ಯಯದ ಉಪಾಯವಾಗಿದೆ.

5. ತಯಾರಿಕೆಗೆ ಮುನ್ನ ಪಾಲಿಸಬೇಕಾದ ಸ್ವಚ್ಛತಾ ಕ್ರಮಗಳು

ಕೋಸಂಬರಿಯನ್ನು ಬೇಯಿಸುವುದಿಲ್ಲವಾದುದರಿಂದ ರೋಗಾಣುಗಳನ್ನು ನಾಶಪಡಿಸುವ ಶಾಖ ಅದಕ್ಕೆ ತಗಲುವುದಿಲ್ಲ. ಕೊಳಚೆ ನೀರು ಅಥವಾ ಮಲಮಿಶ್ರಿತ ಮಣ್ಣಿನ ಸಂಪರ್ಕಕ್ಕೆ ಬಂದ ತರಕಾರಿಯ ಮೇಲೆ ಜಂತುಹುಳು ಹಾಗೂ ಲಾಡಿಹುಳುಗಳ ಮೊಟ್ಟೆಗಳು ಇರಬಹುದು. ಸರಿಯಾಗಿ ತೊಳೆಯದ ತರಕಾರಿಯಿಂದ ವಾಂತಿಭೇದಿ, ಜಂತುಬಾಧೆ ಉಂಟಾಗಿ, ಪೋಷಣೆಗೆಂದು ತಿಂದ ಪದಾರ್ಥವೇ ಅಪೌಷ್ಟಿಕತೆಗೆ ಕಾರಣವಾಗಬಹುದು. ಆದುದರಿಂದ ಈ ಕೆಳಕಂಡ ಕ್ರಮಗಳನ್ನು ತಪ್ಪದೇ ಪಾಲಿಸಬೇಕು.

ಅ) ಶೌಚಾಲಯದಿಂದ ಬಂದ ಬಳಿಕ ಮತ್ತು ಅಡುಗೆಗೆ ಮುನ್ನ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

ಆ) ಸೊಪ್ಪಿನ ಬೇರು ಮತ್ತು ಕೊಳೆತ ಎಲೆಗಳನ್ನು ತೆಗೆದು, ಅಗಲವಾದ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಜಾಲಾಡಬೇಕು. ಮಣ್ಣು ತಳಕ್ಕಿಳಿದ ಮೇಲೆ ಸೊಪ್ಪನ್ನು ಮೇಲಕ್ಕೆತ್ತಿ ನೀರು ಬದಲಿಸಬೇಕು. ತಳದಲ್ಲಿ ಮಣ್ಣು ಕಾಣದಾಗುವವರೆಗೆ, ಕನಿಷ್ಠ ಮೂರು ಬಾರಿ, ಹೀಗೆ ಮಾಡಬೇಕು.

ಇ) ಸೌತೆ, ಗಜ್ಜರಿ, ಮೂಲಂಗಿಗಳನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಬೇಕು. ಎಲೆಕೋಸಿನ ಹೊರಗಿನ ಎರಡು ಮೂರು ಪದರಗಳನ್ನು ತೆಗೆದು, ಉಳಿದ ಎಲೆಗಳನ್ನು ಬಿಡಿಸಿ ತೊಳೆಯಬೇಕು.

ಈ) ಉಪ್ಪು ಬೆರೆಸಿದ ನೀರಿನಲ್ಲಿ ಕೆಲಕಾಲ ಇಡುವುದರಿಂದ ಕೀಟಗಳು ಮತ್ತು ಮೇಲ್ಮೈಯ ಕೊಳೆ ಸಡಿಲವಾಗುತ್ತವೆ. ಆದರೆ ತರಕಾರಿಯ ಒಳಸೇರಿದ ಕೀಟನಾಶಕದ ಅಂಶ ಇದರಿಂದ ಹೋಗುವುದಿಲ್ಲ. ಬಟ್ಟೆ ಅಥವಾ ಪಾತ್ರೆ ತೊಳೆಯುವ ಸಾಬೂನನ್ನು ತರಕಾರಿಗೆ ಬಳಸಬಾರದು.

ಉ) ಕೊನೆಯ ಬಾರಿ ತೊಳೆಯಲು ಹಾಗೂ ಬೇಳೆ ನೆನೆಸಲು ಕುದಿಸಿ ಆರಿಸಿದ ನೀರನ್ನು ಅಥವಾ ಶುದ್ಧೀಕರಿಸಿದ ಕುಡಿಯುವ ನೀರನ್ನು ಬಳಸಬೇಕು.

ಊ) ತರಕಾರಿಯನ್ನು ತೊಳೆದ ನಂತರವೇ ಹೆಚ್ಚಬೇಕು. ಹೆಚ್ಚಿದ ಬಳಿಕ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ನಷ್ಟವಾಗುತ್ತವೆ.

ಋ) ಮಾಂಸ, ಮೀನು ಹೆಚ್ಚಿದ ಮಣೆ ಮತ್ತು ಚಾಕುವನ್ನು ತೊಳೆಯದೆ ತರಕಾರಿಗೆ ಬಳಸಬಾರದು.

6. ತಯಾರಿಸುವ ವಿಧಾನಗಳು

ಪ್ರತಿಯೊಂದು ಅಳತೆಯೂ ನಾಲ್ಕು ಜನರಿಗೆ ಸಾಕಾಗುವಂತಿದೆ.

6.1 ಹೆಸರುಬೇಳೆ ಕೋಸಂಬರಿ

ಬೇಕಾಗುವ ಸಾಮಗ್ರಿಗಳು: ಹೆಸರುಬೇಳೆ 100 ಗ್ರಾಂ, ಎಳೆ ಸೌತೆಕಾಯಿ 1 (ಸುಮಾರು 200 ಗ್ರಾಂ), ಗಜ್ಜರಿ 1, ತೆಂಗಿನತುರಿ 4 ಚಮಚ, ಕೊತ್ತಂಬರಿ ಸೊಪ್ಪು 1 ಹಿಡಿ, ಹಸಿಮೆಣಸಿನಕಾಯಿ 1, ನಿಂಬೆಹಣ್ಣು 2, ಉಪ್ಪು ಸ್ವಲ್ಪ, ಒಗ್ಗರಣೆಗೆ ಎಣ್ಣೆ 1 ಚಮಚ, ಸಾಸಿವೆ, ಇಂಗು ಮತ್ತು ಕರಿಬೇವು.

ವಿಧಾನ: ಬೇಳೆಯನ್ನು ಆರಿಸಿ, ತೊಳೆದು, ಒಂದು ಗಂಟೆ ಕಾಲ ನೆನೆಸಬೇಕು. ಬೆರಳಿನಿಂದ ಅದುಮಿದಾಗ ಬೇಳೆ ಮುರಿಯುವಂತಿದ್ದರೆ ನೆನೆದಿದೆಯೆಂದು ತಿಳಿಯಬೇಕು. ನೀರನ್ನು ಪೂರ್ತಿಯಾಗಿ ಬಸಿದು ಬೇಳೆಯನ್ನು ಅಗಲವಾದ ಪಾತ್ರೆಗೆ ಹಾಕಿ, ಸಣ್ಣಗೆ ಹೆಚ್ಚಿದ ಸೌತೆಕಾಯಿ, ತುರಿದ ಗಜ್ಜರಿ, ತೆಂಗಿನತುರಿ ಹಾಗೂ ಕೊತ್ತಂಬರಿಯನ್ನು ಬೆರೆಸಬೇಕು. ಎಣ್ಣೆ ಕಾಯಿಸಿ ಸಾಸಿವೆ ಸಿಡಿದ ಮೇಲೆ ಇಂಗು, ಕರಿಬೇವು, ಸೀಳಿದ ಮೆಣಸಿನಕಾಯಿ ಹಾಕಿ ಒಗ್ಗರಣೆ ಮಾಡಿ, ಅದು ಆರಿದ ಬಳಿಕ ಸೇರಿಸಬೇಕು. ನಿಂಬೆರಸ ಮತ್ತು ಉಪ್ಪನ್ನು ಬಡಿಸುವ ಸಮಯಕ್ಕೆ ಸರಿಯಾಗಿ ಬೆರೆಸಬೇಕು. ಮೊದಲೇ ಉಪ್ಪು ಹಾಕಿದಲ್ಲಿ ಸೌತೆಕಾಯಿ ನೀರು ಬಿಟ್ಟುಕೊಂಡು, ಆ ನೀರನ್ನು ಚೆಲ್ಲಿದಾಗ ಪೋಷಕಾಂಶವೂ ಹೋಗುತ್ತದೆ.

ಈ ಅಳತೆಯಲ್ಲಿ ಬೇಳೆಯಿಂದ ಒಬ್ಬರಿಗೆ ಸುಮಾರು 6 ಗ್ರಾಂ ಪ್ರೋಟೀನ್ ದೊರೆಯುತ್ತದೆ.

6.2 ಮೊಳಕೆ ಹೆಸರುಕಾಳಿನ ಕೋಸಂಬರಿ

ಬೇಕಾಗುವ ಸಾಮಗ್ರಿಗಳು: ಹೆಸರುಕಾಳು 100 ಗ್ರಾಂ, ಈರುಳ್ಳಿ 1, ಟೊಮೆಟೊ 1, ದೊಣ್ಣೆಮೆಣಸಿನಕಾಯಿ ಅರ್ಧ, ತುರಿದ ಬೆಟ್ಟದ ನೆಲ್ಲಿಕಾಯಿ 2, ಕೊತ್ತಂಬರಿ ಸೊಪ್ಪು, ಎಣ್ಣೆ 1 ಚಮಚ, ಉಪ್ಪು.

ವಿಧಾನ: ಕಾಳನ್ನು ತೊಳೆದು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು, ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಬೇಕು. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಬೇಕು. ಹವೆಯನ್ನು ಅನುಸರಿಸಿ 12ರಿಂದ 24 ಗಂಟೆಗಳಲ್ಲಿ ಮೊಳಕೆ ಬರುತ್ತದೆ. ಲೋಳೆಯಾದ ಅಥವಾ ಹಳಸಿದ ವಾಸನೆಯಿರುವ ಮೊಳಕೆಯನ್ನು ಬಳಸಬಾರದು. ಮೊಳಕೆ ಬರಿಸುವ ಬೆಚ್ಚಗಿನ ತೇವದಲ್ಲಿ ರೋಗಾಣುಗಳೂ ಬೆಳೆಯುವುದರಿಂದ, ಐದರಿಂದ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ ಬಳಸುವುದು ಕ್ಷೇಮಕರ. ಹಬೆಯಲ್ಲಿ 'ಸಿ' ಜೀವಸತ್ವ ಸ್ವಲ್ಪ ನಷ್ಟವಾದರೂ, ಆರಿದ ನಂತರ ಸೇರಿಸುವ ನೆಲ್ಲಿಕಾಯಿಯಿಂದ ಅದು ಭರ್ತಿಯಾಗುತ್ತದೆ.

6.3 ಮೆಂತ್ಯ ಸೊಪ್ಪಿನ ಪಚಡಿ

ಬೇಕಾಗುವ ಸಾಮಗ್ರಿಗಳು: ಎಳೆ ಮೆಂತ್ಯ ಸೊಪ್ಪು 1 ಕಟ್ಟು, ಉಳ್ಳಾಗಡ್ಡಿ ಅಥವಾ ಉಳ್ಳಾಗಡ್ಡಿ ತಪ್ಪಲು, ಸವತಿಕಾಯಿ 1, ಗಜ್ಜರಿ 1, ಶೇಂಗಾ ಪುಡಿ 3 ಚಮಚ, ನಿಂಬೆಹಣ್ಣು 2, ಎಣ್ಣೆ 1 ಚಮಚ, ಉಪ್ಪು, ಖಾರದಪುಡಿ.

ವಿಧಾನ: ಮೆಂತ್ಯದ ಎಲೆಗಳನ್ನು ಮಾತ್ರ ಬಿಡಿಸಿ ತೊಳೆದು ಸಣ್ಣಗೆ ಹೆಚ್ಚಬೇಕು. ಉಳಿದ ತರಕಾರಿಗಳನ್ನು ಹೆಚ್ಚಿ ಸೇರಿಸಿ, ಶೇಂಗಾ ಪುಡಿ, ಖಾರದಪುಡಿ, ಎಣ್ಣೆ ಹಾಕಿ ಕಲೆಸಿ, ಕೊನೆಯಲ್ಲಿ ನಿಂಬೆರಸ ಮತ್ತು ಉಪ್ಪು ಸೇರಿಸಬೇಕು. ಶೇಂಗಾ ಪುಡಿಯಲ್ಲಿ ಈಗಾಗಲೇ ಉಪ್ಪಿದ್ದರೆ ಮತ್ತೆ ಹಾಕುವ ಅವಶ್ಯಕತೆಯಿಲ್ಲ. ಜೋಳ ಅಥವಾ ಸಜ್ಜೆ ರೊಟ್ಟಿಯೊಂದಿಗೆ ಸೇವಿಸಲು ಇದು ಅತ್ಯಂತ ಸೂಕ್ತ.

6.4 ಕಡಲೆಬೇಳೆ ಮತ್ತು ಮಾವಿನಕಾಯಿ ಕೋಸಂಬರಿ

ನೂರು ಗ್ರಾಂ ಕಡಲೆಬೇಳೆಯನ್ನು ಮೂರು ಗಂಟೆ ನೆನೆಸಿ ಬಸಿದು, ಅರ್ಧ ಹುಳಿಮಾವಿನಕಾಯಿಯ ತುರಿ, ತುರಿದ ನವಿಲುಕೋಸು ಅಥವಾ ಗಜ್ಜರಿ, ತೆಂಗಿನತುರಿ ಹಾಗೂ ಒಗ್ಗರಣೆ ಸೇರಿಸಬೇಕು. ಮಾವಿನಕಾಯಿಯ ಹುಳಿಯೇ ಸಾಕಾಗುವುದರಿಂದ ನಿಂಬೆಯ ಅವಶ್ಯಕತೆಯಿಲ್ಲ. ಮಾರ್ಚ್ ತಿಂಗಳಿನಿಂದ ಮೇ ತಿಂಗಳವರೆಗೆ ಇದನ್ನು ಮಾಡಿಕೊಳ್ಳಬಹುದು.

6.5 ಸೀಬೆ ಅಥವಾ ಚಕ್ಕೋತ ಹಣ್ಣಿನ ಕೋಸಂಬರಿ

ಬಲಿತ ಸೀಬೆಹಣ್ಣನ್ನು ಸಣ್ಣ ಹೋಳುಗಳಾಗಿ ಹೆಚ್ಚಿ, ಅಥವಾ ಚಕ್ಕೋತದ ತೊಳೆಗಳನ್ನು ಬಿಡಿಸಿ, ಸೌತೆಕಾಯಿ, ದಾಳಿಂಬೆ ಕಾಳು, ಹುರಿದು ಕುಟ್ಟಿದ ಜೀರಿಗೆ ಹಾಗೂ ಚಿಟಿಕೆ ಉಪ್ಪು ಬೆರೆಸಬೇಕು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ಚಕ್ಕೋತವು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತಳಿಯಾಗಿದೆ. ಖಾರ ಇಷ್ಟಪಡದ ಮಕ್ಕಳಿಗೆ ಈ ಕೋಸಂಬರಿ ರುಚಿಸುತ್ತದೆ.

7. ಬಡಿಸುವಾಗ ಗಮನಿಸಬೇಕಾದ ಅಂಶಗಳು

- ತಯಾರಿಸಿದ ಎರಡು ಗಂಟೆಗಳೊಳಗೆ ಸೇವಿಸಬೇಕು. ಉಳಿದುದನ್ನು ಮರುದಿನಕ್ಕೆ ಇಡಬಾರದು. ಸಮಾರಂಭಗಳಲ್ಲಿ ಬೆಳಿಗ್ಗೆ ಕಲೆಸಿದ ಕೋಸಂಬರಿಯನ್ನು ಮಧ್ಯಾಹ್ನದವರೆಗೆ ಹೊರಗಿಡುವ ಬದಲು, ಪದಾರ್ಥಗಳನ್ನು ಪ್ರತ್ಯೇಕವಾಗಿ ತಂಪಾದೆಡೆ ಮುಚ್ಚಿಟ್ಟು ಪಂಕ್ತಿ ಪಂಕ್ತಿಗೂ ಕಲೆಸುವುದು ಸೂಕ್ತ.
- ಊಟಕ್ಕೆ ಮುನ್ನ ಮತ್ತು ಊಟದ ನಂತರ ಕನಿಷ್ಠ ಒಂದು ಗಂಟೆ ಕಾಲ ಕಾಫಿ ಅಥವಾ ಚಹಾ ಸೇವಿಸಬಾರದು. ಊಟವಾದ ಕೂಡಲೇ ಕುಡಿಯುವ ಚಹಾ, ನಿಂಬೆ ಮತ್ತು ನೆಲ್ಲಿಯಿಂದ ಆದ ಪ್ರಯೋಜನವನ್ನು ತಗ್ಗಿಸುತ್ತದೆ.
- ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ಇಡೀ ದಿನಕ್ಕೆ ಬಳಸುವ ಉಪ್ಪು 5 ಗ್ರಾಂ ಮೀರಬಾರದು. ಹುಳಿ ಹಾಗೂ ಕೊತ್ತಂಬರಿ ಚೆನ್ನಾಗಿದ್ದಲ್ಲಿ ಕೋಸಂಬರಿಗೆ ಕಡಿಮೆ ಉಪ್ಪು ಸಾಕು.
- ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಣ್ಣುವ ಮಹಿಳೆಯರಿಗೆ ಬೇಳೆ, ತರಕಾರಿ, ಹಣ್ಣುಗಳು ಉಳಿಯದಿರುವ ಸಂದರ್ಭಗಳಿವೆ. ರಕ್ತಹೀನತೆ ಹೆಚ್ಚಾಗಿ ಕಾಡುವುದು ಅವರನ್ನೇ ಆದುದರಿಂದ, ಗರ್ಭಿಣಿಯರು, ಬಾಣಂತಿಯರು ಹಾಗೂ ಹದಿಹರೆಯದ ಹೆಣ್ಣುಮಕ್ಕಳ ಪಾಲನ್ನು ಮೊದಲೇ ತೆಗೆದಿಡುವುದು ಕುಟುಂಬದ ಎಲ್ಲ ಸದಸ್ಯರ ಹೊಣೆಯಾಗಿದೆ.

8. ಎಚ್ಚರಿಕೆ ವಹಿಸಬೇಕಾದವರು

ಗರ್ಭಿಣಿಯರು, ವೃದ್ಧರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು: ಹಸಿ ಮೊಳಕೆ ಕಾಳನ್ನು ತಿನ್ನಬಾರದು, ಚೆನ್ನಾಗಿ ಬೇಯಿಸಿಯೇ ಬಳಸಬೇಕು. ಇವರು ಮನೆಯಲ್ಲಿಯೇ ತೊಳೆದು ಆಗತಾನೆ ತಯಾರಿಸಿದ ಕೋಸಂಬರಿಯನ್ನು ಮಾತ್ರ ಸೇವಿಸುವುದು ಸೂಕ್ತ. ರಸ್ತೆಬದಿಯಲ್ಲಿ ಹೆಚ್ಚಿ ತೆರೆದಿಟ್ಟ ಹಣ್ಣು, ತರಕಾರಿಗಳನ್ನು ವರ್ಜಿಸಬೇಕು.

ಶಿಶುಗಳು ಮತ್ತು ಚಿಕ್ಕ ಮಕ್ಕಳು: ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ನೀಡಬೇಕು. ನಂತರ ತರಕಾರಿ ಮತ್ತು ಬೇಳೆಯನ್ನು ಬೇಯಿಸಿ ಮೆದುಮಾಡಿ ಕೊಡಬೇಕು. ಇಡೀ ಶೇಂಗಾ, ಗಜ್ಜರಿಯ ಗಟ್ಟಿ ಹೋಳುಗಳು ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ತುರಿದು ಅಥವಾ ಪುಡಿ ಮಾಡಿ ನೀಡಬೇಕು.

ಮೂತ್ರಪಿಂಡದ ಕಾಯಿಲೆಯುಳ್ಳವರು: ತರಕಾರಿ, ಹಣ್ಣು ಮತ್ತು ತೆಂಗಿನಲ್ಲಿರುವ ಪೊಟ್ಯಾಸಿಯಂ ಇವರಿಗೆ ಹಾನಿಕರವಾಗಬಹುದು. ವೈದ್ಯರು ಸೂಚಿಸಿದ ಪ್ರಮಾಣವನ್ನು ಮೀರಬಾರದು.

ನಿತ್ಯ ಔಷಧಿ ಸೇವಿಸುವವರು: ಚಕ್ಕೋತವು ಕೆಲವು ಔಷಧಿಗಳ ಪರಿಣಾಮವನ್ನು ಬದಲಿಸಬಲ್ಲದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಹೆಚ್ಚಿಸಬಾರದು. ಇಂಥವರು ವೈದ್ಯರನ್ನು ಮುಂಚಿತವಾಗಿ ವಿಚಾರಿಸತಕ್ಕದ್ದು.

9. ಕೆಲವು ತಪ್ಪು ತಿಳಿವಳಿಕೆಗಳು

"ಬೀಟ್‌ರೂಟ್ ತಿಂದರೆ ರಕ್ತ ಹೆಚ್ಚುತ್ತದೆ": ಬೀಟ್‌ರೂಟಿನ ಕೆಂಪು ಬಣ್ಣಕ್ಕೂ ರಕ್ತದ ಬಣ್ಣಕ್ಕೂ ಸಂಬಂಧವಿಲ್ಲ. ಅದರಲ್ಲಿ ಕಬ್ಬಿಣಾಂಶ ಕಡಿಮೆ. 100 ಗ್ರಾಂಗೆ ಸುಮಾರು 1 ಮಿ.ಗ್ರಾಂನಷ್ಟು ಮಾತ್ರ. ಫೋಲಿಕ್ ಆಮ್ಲ ಮತ್ತು ನಾರಿನಂಶಕ್ಕಾಗಿ ಅದನ್ನು ಧಾರಾಳವಾಗಿ ಬಳಸಬಹುದು.

"ಕೋಸಂಬರಿ ತಿನ್ನುವವರಿಗೆ ಕಬ್ಬಿಣಾಂಶದ ಮಾತ್ರೆ ಬೇಡ": ಇದು ಅಪಾಯಕಾರಿ ತಿಳಿವಳಿಕೆ. ಆಹಾರವು ರಕ್ತಹೀನತೆ ಬಾರದಂತೆ ತಡೆಯಲು ನೆರವಾಗುತ್ತದೆ. ಆದರೆ ಗರ್ಭಾವಸ್ಥೆಯಲ್ಲಿ ಹೆಚ್ಚುವ ಅಗತ್ಯವನ್ನು ಹಾಗೂ ಈಗಾಗಲೇ ಉಂಟಾದ ಕೊರತೆಯನ್ನು ಆಹಾರವೊಂದೇ ನೀಗಿಸಲಾರದು. ವೈದ್ಯರು ಅಥವಾ ಆರೋಗ್ಯ ಕಾರ್ಯಕರ್ತೆಯರು ನೀಡಿದ ಮಾತ್ರೆಗಳನ್ನು ನಿಲ್ಲಿಸಬಾರದು.

"ಮಾತ್ರೆಯಿಂದ ಮಲ ಕಪ್ಪಾಗುವುದು ಕಾಯಿಲೆಯ ಲಕ್ಷಣ": ಕಬ್ಬಿಣಾಂಶದ ಮಾತ್ರೆ ಸೇವಿಸುವಾಗ ಮಲ ಕಪ್ಪಾಗುವುದು ಸಹಜ. ಮಲಬದ್ಧತೆ ಉಂಟಾದಲ್ಲಿ ನೀರು ಹಾಗೂ ನಾರಿನಂಶವುಳ್ಳ ಕೋಸಂಬರಿ ಸಹಕಾರಿ. ಮಾತ್ರೆಯನ್ನು ನಿಂಬೆ ಪಾನಕದೊಂದಿಗೆ ಸೇವಿಸಬಹುದು. ಹಾಲು, ಕಾಫಿ, ಚಹಾ ಅಥವಾ ಸುಣ್ಣಾಂಶದ ಮಾತ್ರೆಯೊಂದಿಗೆ ಸೇವಿಸಬಾರದು.

10. ಸಾರ್ವಜನಿಕರಿಗೆ ಲಭ್ಯವಿರುವ ಸೇವೆಗಳು

ಅಂಗನವಾಡಿ ಸೇವೆಗಳು: ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಇದರ ಮೊದಲ ಯೋಜನೆ ಆರಂಭಗೊಂಡಿತು. ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳು, ಗರ್ಭಿಣಿಯರು ಮತ್ತು ಬಾಣಂತಿಯರು ತಮ್ಮ ವ್ಯಾಪ್ತಿಯ ಅಂಗನವಾಡಿ ಕೇಂದ್ರದಲ್ಲಿ ನೋಂದಾಯಿಸಿಕೊಂಡು ಪೂರಕ ಪೌಷ್ಟಿಕ ಆಹಾರ ಪಡೆಯಬಹುದು. ಗರ್ಭಿಣಿ ಹಾಗೂ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದಿತು. ನೋಂದಣಿಗೆ ತೆರಳುವಾಗ ಗುರುತಿನ ದಾಖಲೆ ಹಾಗೂ ತಾಯಿ ಕಾರ್ಡನ್ನು ಕೊಂಡೊಯ್ಯುವುದು ಅನುಕೂಲಕರ.

ರಕ್ತಪರೀಕ್ಷೆ ಮತ್ತು ಮಾತ್ರೆಗಳು: ಹಿಮೋಗ್ಲೋಬಿನ್ ಪರೀಕ್ಷೆಯನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡಿಸಿಕೊಳ್ಳಬಹುದು. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಅನ್ವಯ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನಗಳು ಹಾಗೂ ಹೆರಿಗೆಯ ನಂತರ 180 ದಿನಗಳು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ನೀಡಲಾಗುತ್ತದೆ. ಹದಿಹರೆಯದವರಿಗೆ ವಾರಕ್ಕೊಂದು ಮಾತ್ರೆ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ದ್ರವರೂಪದ ಔಷಧಿ ನೀಡುವ ವ್ಯವಸ್ಥೆಯಿದೆ.

ಜಂತುಹುಳು ನಿವಾರಣೆ: 2015ರಲ್ಲಿ ಆರಂಭಗೊಂಡ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ 1ರಿಂದ 19 ವರ್ಷದವರಿಗೆ ಶಾಲೆ ಮತ್ತು ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ನೀಡಲಾಗುತ್ತದೆ. ಕೊಕ್ಕೆಹುಳುವಿನ ಬಾಧೆಯಿದ್ದಲ್ಲಿ ಎಷ್ಟೇ ಪೌಷ್ಟಿಕ ಆಹಾರ ಸೇವಿಸಿದರೂ ರಕ್ತಹೀನತೆ ನೀಗುವುದು ಕಷ್ಟವಾದುದರಿಂದ, ಪೋಷಕರು ಈ ಮಾತ್ರೆಯನ್ನು ಮಕ್ಕಳಿಗೆ ತಪ್ಪದೇ ಕೊಡಿಸಬೇಕು.

11. ಸಾರಾಂಶ

ಒಂದು ಹಿಡಿ ಬೇಳೆ, ಒಂದು ಸೌತೆಕಾಯಿ, ಒಂದು ಹಿಡಿ ಸೊಪ್ಪು ಹಾಗೂ ಒಂದೆರಡು ನಿಂಬೆ ಅಥವಾ ನೆಲ್ಲಿಕಾಯಿಯಿಂದ ಕುಟುಂಬಕ್ಕೆ ಬೇಕಾಗುವ ಕೋಸಂಬರಿ ಸಿದ್ಧವಾಗುತ್ತದೆ. ಇದನ್ನು ಹಬ್ಬಕ್ಕೆ ಮೀಸಲಿಡದೆ, ಶುಚಿಯಾಗಿ ತಯಾರಿಸಿ, ಪ್ರತಿದಿನ ಊಟದ ಜೊತೆಯಲ್ಲಿ ಒಬ್ಬರಿಗೆ ಒಂದು ಬಟ್ಟಲಿನಂತೆ ಸೇವಿಸಬೇಕು. ಊಟದ ಹಿಂದೆಮುಂದೆ ಕಾಫಿ, ಚಹಾ ಬಿಡಬೇಕು. ಆಯಾಸ, ಏದುಸಿರು ಮುಂತಾದ ಲಕ್ಷಣಗಳಿದ್ದಲ್ಲಿ ತಡಮಾಡದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಸಮೀಪದ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರನ್ನು ಸಂಪರ್ಕಿಸಬಹುದಾಗಿದೆ.